ಗೌರಮ್ಮ ಬರೆದ ಹನ್ನೊಂದು ಹೆಸರು

ಯಶವಂತಪುರದ ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸುತ್ತಿದ್ದ ಮುನಿಆಂಜಿನಪ್ಪನಿಗೆ ಮನೆಯಲ್ಲಿ ಮಾತು ಕಡಿಮೆ. ಮದುವೆಯಾಗಿ ಆರು ವರ್ಷವಾದರೂ ಹೆಂಡತಿ ಗೌರಮ್ಮ ಕೇಳಿದ್ದಕ್ಕೆ ‘ಹೂಂ’, ‘ಉಹೂಂ’ ಅನ್ನುವುದರಲ್ಲೇ ಅವನ ಸಂಜೆ ಮುಗಿಯುತ್ತಿತ್ತು. ಟೆಸ್ಟ್ ಪಂದ್ಯ ಶುರುವಾದರೆ ಮಾತ್ರ ಅವನು ಬೇರೆಯೇ ಮನುಷ್ಯ.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಂದು ಆಟವಿತ್ತು. ಪಂದ್ಯಕ್ಕೆ ಮುಂಚೆ ಎರಡೂ ತಂಡಗಳಿಂದ ಹನ್ನೊಂದು ಆಟಗಾರರನ್ನು ಆರಿಸಿ ಚೀಟಿ ಬರೆದುಕೊಡಬೇಕು. ಅವರು ಹೊಡೆದ ರನ್ನು, ಕಿತ್ತ ವಿಕೆಟ್ಟು ನೋಡಿ ಜೊತೆಗಾರ ಖುದ್ದೂಸ್ ಪಾಯಿಂಟು ಹಾಕುತ್ತಿದ್ದ. ಗೆದ್ದವನು ಮುಂದಿನ ಟೆಸ್ಟಿನವರೆಗೂ ‘ಕ್ಯಾಪ್ಟನ್’. ಉಳಿದವರನ್ನು ಬಾಯಿಗೆ ಬಂದಂತೆ ಗೇಲಿ ಮಾಡುವ ಹಕ್ಕು ಅವನದು. ಗಂಡಸರೆಲ್ಲ ಆಡುತ್ತಿದ್ದುದು ಆ ಹಕ್ಕಿಗಾಗಿ.

ಎಂಬತ್ತಮೂರರಲ್ಲಿ ವೆಸ್ಟ್ ಇಂಡೀಸ್ ಬಂದಾಗ ಗೌರಮ್ಮ, “ನಂದೂ ಒಂದು ಚೀಟಿ ತಗೊಂಡೋಗ್ರೀ” ಅಂದಳು. ಅವನು ನಕ್ಕ. ಆದರೂ ಆ ಸಂಜೆ ಅವಳೆದುರು ಕೂತು, ಯಾರು ವೇಗದ ಬೌಲರು, ಯಾರು ನಿಂತು ಆಡುತ್ತಾರೆ ಎಂದು ಒಂದು ಗಂಟೆ ವಿವರಿಸಿದ. ಅವಳಿಗೆ ಬೇಕಿದ್ದದ್ದು ಆ ಒಂದು ಗಂಟೆ.

ಮೊದಲ ಟೆಸ್ಟಿನಲ್ಲಿ ಅವಳ ಚೀಟಿಯೇ ಗೆದ್ದಿತು.

“ಏನ್ ಗುರು, ಮನೇಲೇ ಕ್ಯಾಪ್ಟನ್ ಇಟ್ಕೊಂಡು ಇಲ್ಲಿ ಆಡಕ್ಕೆ ಬರ್ತೀಯಾ?” ಎಂದ ಖುದ್ದೂಸ್. ಕ್ಯಾಂಟೀನಿಗೆ ಕ್ಯಾಂಟೀನೇ ನಕ್ಕಿತು. ಮುನಿಆಂಜಿನಪ್ಪ ಮನೆಗೆ ಬಂದವನೇ ರೇಡಿಯೋ ಕಿವಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಕೂತ.

ಮುಂದಿನ ಟೆಸ್ಟಿಗೆ ಗೌರಮ್ಮ ಬೇಕೆಂದೇ ಬ್ಯಾಟು ಹಿಡಿಯಲು ಬಾರದವರನ್ನು, ಆಡುವುದೇ ಅನುಮಾನ ಅನ್ನುವಂಥವರನ್ನು ಬರೆದುಕೊಟ್ಟಳು. ಅವನು ಚೀಟಿಯ ಮೇಲೆ ಕಣ್ಣಾಡಿಸಿದ.

“ಇದೇನೇ ಇಂಗೆ ಬರ್ದಿದ್ದೀಯಾ? ಸೋಲಕ್ಕೇ ಬರ್ದಿದ್ದೀಯಾ?”

ಅವಳು ಪೆನ್ನಿನ ಮುಚ್ಚಳ ಹಾಕಿದಳು.

“ನೀನು ಬಿಟ್ಕೊಟ್ರೆ ನಾನು ಗೆಲ್ಬೇಕಾ?”

“ಗೆಲ್ಲೋದು ನಂಗ್ಯಾಕ್ರೀ? ನೀವು ಮಾತಾಡ್ತೀರಲ್ಲ ಅಂತ ಆಡ್ದೆ.”

ಅವನು ಎದ್ದ. ಚೀಟಿಯನ್ನು ಕಿಟಕಿಯ ಮೇಲಿಟ್ಟು ಚಪ್ಪಲಿ ಮೆಟ್ಟಿ ಹೊರಟುಹೋದ. ಅಂದಿನಿಂದ ಕಾಮೆಂಟರಿ ಕೇಳುವುದೆಲ್ಲ ಹಿಂದಿನ ಬೀದಿಯ ಖುದ್ದೂಸನ ಮನೆಯಲ್ಲಾಯಿತು.

ಡಿಸೆಂಬರಿನಲ್ಲಿ ಅವನು ಕ್ಯಾಪ್ಟನ್ ಆದ. ನಲ್ಲಿಯ ಹತ್ತಿರ ಆ ಸುದ್ದಿ ಹೇಳಿದವಳು ಖುದ್ದೂಸನ ಹೆಂಡತಿ ತಾಹೆರಾ. ಗೌರಮ್ಮನ ಮುಖ ನೋಡಿ, “ಮನೇಲಿ ಹೇಳ್ಲಿಲ್ವಾ ಅಕ್ಕ?” ಎಂದು ಕೇಳಿದಳು.

“ಹೇಳಿದ್ರು ಕಣಮ್ಮ” ಅಂದು ಗೌರಮ್ಮ ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡಳು.