ಆರನೇ ಮನೆಯವರ ಬಾಳೆ ಎಲೆ

ತ್ಯಾಗರಾಜನಗರದ ಆ ಎಂಟು ಮನೆಗಳ ಬಿಲ್ಡಿಂಗಿನಲ್ಲಿ ಗಿರಿಜಾಂಬಾ ಅವರ ಮಾತು ಮೀರುವವರು ಯಾರೂ ಇರಲಿಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ನಿವೃತ್ತಿ ಪಾಠಕ್ಕೆ ಮಾತ್ರ, ಗದರುವುದಕ್ಕಲ್ಲ. ನೀರಿನ ಟ್ಯಾಂಕರ್ ತಡವಾಗಲಿ, ಯಾರಾದರೂ ಮೆಟ್ಟಿಲ ಮೇಲೆ ಚಪ್ಪಲಿ ಹರಡಲಿ, ಮೊದಲು ಕೇಳಿಸುವುದು ಅವರ ದನಿಯೇ. ಗಂಡ ವೃಷಭೇಂದ್ರಪ್ಪನವರು ತರಗುಪೇಟೆಯಲ್ಲಿ ನಲವತ್ತು ವರ್ಷ ಧಾನ್ಯದ ಮಂಡಿ ನಡೆಸಿ, ಈಗ ಹೆಂಡತಿ ಹೇಳಿದ್ದಕ್ಕೆಲ್ಲ ಹೂಂಗುಟ್ಟುವ ಕೆಲಸವನ್ನು ಅಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದರು.

ಗಿರಿಜಾಂಬಾ ಅವರಿಗೆ ಒಂದು ಕತೆ ಹೇಳುವ ಚಟವಿತ್ತು. ಹಿಂದೆ ಅವರ ಶಾಲೆಯ ಸ್ಟಾಫ್ ರೂಮಿನಲ್ಲಿ ಒಬ್ಬ ಟೀಚರು ಆಯಾಗೆಂದು ಬೇರೆ ಲೋಟ ಇಟ್ಟಿದ್ದರಂತೆ. ಗಿರಿಜಾಂಬಾ ಜಗಳವಾಡಿ ಆ ಲೋಟವನ್ನು ಕಿಟಕಿಯಿಂದ ಆಚೆ ಎಸೆದರಂತೆ. 'ಜಾತಿಗೀತಿ ನನ್ನ ಹತ್ರ ನಡಿಯಲ್ಲ' ಎಂದು ಕತೆ ಮುಗಿಯುತ್ತಿತ್ತು. ಸುಳ್ಳಲ್ಲ, ನಡೆದದ್ದೇ. ಮೂರು ವರ್ಷದ ಹಿಂದೆ ಆರನೇ ನಂಬರಿನ ಮನೆ ಕೊಂಡು ಬಂದ ಚಲುವರಾಜು ಅವರ ಹೆಂಡತಿ ಸೌಂದರ್ಯಾಳಿಗೂ ಮೊದಲ ಭೇಟಿಯಲ್ಲೇ ಈ ಕತೆಯನ್ನು ಹೇಳಿದ್ದರು. ಆಕೆ ಕೇಳಿ ನಕ್ಕು ಸುಮ್ಮನಾಗಿದ್ದಳು. ಆ ಮನೆಯ ಹಾಲಿನಲ್ಲಿ ಬುದ್ಧನ ಪಕ್ಕಕ್ಕೆ ಬಾಬಾಸಾಹೇಬರ ಪಟ ತೂಗುಹಾಕಿದ ದಿನವೇ ಇಡೀ ಬಿಲ್ಡಿಂಗಿಗೆ ಗೊತ್ತಾಗಬೇಕಾದದ್ದು ಗೊತ್ತಾಗಿತ್ತು. ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇರುವುದನ್ನು ನಮ್ಮ ಕಡೆ ದೊಡ್ಡ ಮರ್ಯಾದೆ ಎಂದುಕೊಳ್ಳುತ್ತೇವೆ.

ಬಿಲ್ಡಿಂಗಿನ 'ಸುಗ್ಗಿ ಊಟ' ಗಿರಿಜಾಂಬಾ ಅವರದೇ ಕೂಸು. ಕಡಲೇಕಾಯಿ ಮರದಲ್ಲಿ ಬಿಡುತ್ತದೆ ಎಂದು ಒಂದು ಮಗು ಅವರೆದುರಿಗೆ ಹೇಳಿಬಿಟ್ಟದ್ದೇ ಅದಕ್ಕೆ ಮೂಲ. ಅಂದಿನಿಂದ ಪ್ರತಿ ಕಾರ್ತೀಕದ ಕೊನೆಯ ಭಾನುವಾರ ಕಾರುಗಳನ್ನೆಲ್ಲ ರಸ್ತೆಗೆ ಕಳಿಸಿ, ಪಾರ್ಕಿಂಗ್ ಜಾಗ ತೊಳೆದು, ಕಬ್ಬು ಕಟ್ಟಿ, ಬೇರುಸಮೇತ ಕಡಲೇಕಾಯಿ ಗಿಡ ತರಿಸಿ, ಮಕ್ಕಳ ಕೈಯಲ್ಲಿ ಅವರೇಕಾಯಿ ಸುಲಿಸಿ, ನಲವತ್ತು ಜನ ಸಾಲಾಗಿ ಕೂತು ಉಣ್ಣುವುದು. ಒಂದೊಂದು ಮನೆಗೆ ಒಂದೊಂದು ಅಡುಗೆ. ಯಾರು ಏನು ತರಬೇಕೆಂಬ ಪಟ್ಟಿ ಗಿರಿಜಾಂಬಾ ಅವರ ನೋಟ್‌ಬುಕ್ಕಿನಲ್ಲಿ. ಒಂದನೇ ಮನೆ ಸಿಹಿ ಹುಗ್ಗಿ, ಎರಡನೇ ಮನೆ ಕೋಸಂಬರಿ, ಮೂರನೇ ಮನೆ ಅಕ್ಕಿರೊಟ್ಟಿ. ಆರನೇ ಮನೆ, ಬಾಳೆ ಎಲೆ ಮತ್ತು ಬಾಳೆಹಣ್ಣು.

ಈ ವರ್ಷ ಅವರು ಹೊಸ ಪಟ್ಟಿ ಬರೆಯುತ್ತಿದ್ದಾಗ ಚಲುವರಾಜು ಅವರ ತಾಯಿ ಹನುಮಕ್ಕ ಬಾಗಿಲಿಗೆ ಬಂದರು. ಎಪ್ಪತ್ತು ದಾಟಿದ ಹೆಂಗಸು, ಗಟ್ಟಿ ಕೈಕಾಲು, ಮಾತು ಕಡಿಮೆ.

"ಗಿರಿಜಮ್ಮೋರೆ, ಈ ಸಲ ನಾನು ಹಿತಕಿದ ಬೇಳೆ ಸಾರು ಮಾಡ್ತೀನಿ. ಹೊಸ ಅವರೇಕಾಯಿ ಚೆನ್ನಾಗಿ ಬಂದಿದೆ."

"ಅಯ್ಯೋ, ನಲವತ್ತು ಜನಕ್ಕೆ ಅಷ್ಟೊಂದು ಕಾಳು ಹಿತಕ್ಬೇಕಲ್ಲ. ನಿಮಗ್ಯಾಕೆ ತೊಂದರೆ? ನೀವು ಸುಮ್ನೆ ಎಲೆ ತಂದ್ಬಿಡಿ ಸಾಕು."

ಹನುಮಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು.

"ತೊಂದರೆ ಇರೋದು ಎಲೇಲೇ ಅಲ್ವಾ? ಬೆಳಗಾಗೋದ್ರೊಳಗೆ ಮಾರ್ಕೆಟ್ಟಿಗೆ ಹೋಗ್ಬೇಕು. ಹರಿದಿರೋದು ಆರಿಸಿ ತೆಗೀಬೇಕು. ಆಟೋದವನು ಕಟ್ಟು ನೋಡಿ ಹತ್ತಿಸ್ಕೊಳಲ್ಲ. ಕಾಳು ಹಿತಕೋದಾದ್ರೆ ಟೀವಿ ಮುಂದೆ ಕೂತು ಮಾಡ್ಬೋದು."

ಆಕೆಯ ದನಿಯಲ್ಲಿ ಕೊಂಕಿರಲಿಲ್ಲ. ಲೆಕ್ಕದ ತಪ್ಪು ತೋರಿಸಿದಷ್ಟೇ ಸಾದಾ ಮಾತು. ಗಿರಿಜಾಂಬಾ "ಆಯ್ತು, ಸಾರು ನಿಮ್ಮದೇ" ಎಂದು ಅವಸರದಲ್ಲಿ ಬರೆದುಕೊಂಡರು. ಆಕೆ ಹೋದ ಮೇಲೆ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಿರುವಿದರು. ಮೂರು ವರ್ಷವೂ ಆರನೇ ಮನೆಗೆ ಎಲೆ, ಹಣ್ಣು. ಉಳಿದ ಮನೆಗಳ ಅಡುಗೆ ಪ್ರತಿವರ್ಷ ಬದಲಾಗಿದೆ. ಎರಡನೇ ವರ್ಷ ಬಾಡಿಗೆಗೆ ಬಂದು ಎರಡೇ ತಿಂಗಳಾಗಿದ್ದ, ಹೆಸರು ಕೂಡ ನೆನಪಿಲ್ಲದ ಹುಡುಗರಿಗೂ ಚಿತ್ರಾನ್ನ ಮಾಡಲು ಕೊಟ್ಟಿದ್ದಾರೆ. ಬರೆದದ್ದೆಲ್ಲ ತಮ್ಮದೇ ದುಂಡನೆಯ ಅಕ್ಷರ. ಬೇರೆಯವರ ಕೈವಾಡ ಅನ್ನುವಂತಿಲ್ಲ.

ಒಂದು ನೆನಪಾದರೆ ಹತ್ತು ನೆನಪಾಗುತ್ತವೆ. ಆ ಮನೆಗೆ ನಾಲ್ಕಾರು ಸಲ ಹೋಗಿದ್ದಾರೆ. ಹೋದಾಗಲೆಲ್ಲ ಸೌಂದರ್ಯಾ ಕಾಫಿ ಕೊಡಲು ಬಂದಿದ್ದಾಳೆ. 'ಈಗಷ್ಟೇ ಆಯ್ತಮ್ಮಾ' ಎಂದು ಇವರು ಎದ್ದುಬಂದಿದ್ದಾರೆ. ಎದುರು ಮನೆಗೆ ಹೋದರೆ ದಿನಕ್ಕೆ ಎರಡು ಸಲ ಕುಡಿಯುವ ಕಾಫಿ, ಆರನೇ ಮನೆಯ ಬಾಗಿಲಲ್ಲಿ ಮಾತ್ರ 'ಈಗಷ್ಟೇ' ಆಗಿರುತ್ತಿತ್ತು! ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಓಡಿಸುವವರ ಗಾದೆಯನ್ನು ಎಷ್ಟು ಮಕ್ಕಳಿಗೆ ಹೇಳಿದ್ದರೋ. ಗಿರಿಜಾಂಬಾ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತರು.

ಸರಿಪಡಿಸದೆ ಬಿಡುವ ಜಾಯಮಾನ ಅವರದಲ್ಲ. ಪಟ್ಟಿಯಲ್ಲಿ ಎಲೆಯ ಮುಂದೆ ತಮ್ಮ ಹೆಸರನ್ನೇ ಬರೆದುಕೊಂಡರು. ಭಾನುವಾರ ಮುಂಜಾನೆ ಒಬ್ಬರೇ ಕೆ.ಆರ್. ಮಾರ್ಕೆಟ್ಟಿಗೆ ಹೋದರು. ಹೊರೆ ಹೊತ್ತವರು 'ಸೈಡು, ಸೈಡು' ಎಂದು ತಳ್ಳಿಕೊಂಡು ಹೋದರು. ಕಟ್ಟಿನ ಒಳಗಿನ ಎಲೆ ಹರಿದಿದೆಯೇ ಎಂದು ನೋಡಹೋದರೆ ಅಂಗಡಿಯವಳು ಬೈದಳು. ಮೂರು ಆಟೋದವರು ತಲೆಯಾಡಿಸಿ ಹೋದರು. ನಾಲ್ಕನೆಯವನ ಆಟೋದಲ್ಲಿ ಕಟ್ಟನ್ನು ಮಡಿಲ ಮೇಲಿಟ್ಟುಕೊಂಡು ಮನೆ ಸೇರುವಷ್ಟರಲ್ಲಿ ಅವರ ನೀಲಿ ಸೀರೆಯ ತುಂಬ ಬಾಳೆಯ ಕರೆ. ಆ ಕರೆ ಯಾವ ಸೋಪಿಗೂ ಹೋಗುವುದಲ್ಲ. ಹೋದ ವರ್ಷ ಹನುಮಕ್ಕ ಮಾಸಲು ಸೀರೆಯಲ್ಲಿ ಬಂದದ್ದನ್ನು ಕಂಡು, 'ಹಬ್ಬದ ದಿನಕ್ಕಾದರೂ ಒಂದು ಒಳ್ಳೆ ಸೀರೆ ಉಡಬಾರದೇ' ಎಂದು ಇವರು ಗಂಡನ ಕಿವಿಯಲ್ಲಿ ಅಂದಿದ್ದರು. ಈಗ ಅದೂ ನೆನಪಿಗೆ ಬಂದು ಕೂತಿತು.

ಊಟಕ್ಕೆ ಎಲ್ಲರೂ ಸಾಲಾಗಿ ಕೂತರು. ಹನುಮಕ್ಕ ಜರಿ ಅಂಚಿನ ಹಸಿರು ಸೀರೆ ಉಟ್ಟು ಬಂದಿದ್ದರು. ಅವರ ಸಾರಿನ ಪಾತ್ರೆಯನ್ನು ಗಿರಿಜಾಂಬಾ ತಾವೇ ಎತ್ತಿಕೊಂಡು ಬಡಿಸಲು ಹೊರಟರು. 'ನೀವು ಕೂತ್ಕೊಳ್ಳಿ, ನಾನು ಬಡಿಸ್ತೀನಿ' ಎಂದು ಹನುಮಕ್ಕನನ್ನು ಸಾಲಿನಲ್ಲಿ ಕೂರಿಸಿದ್ದೂ ಅವರೇ. ಪ್ರಾಯಶ್ಚಿತ್ತ ಚೆನ್ನಾಗಿಯೇ ನಡೆಯುತ್ತಿದೆ ಎನ್ನಿಸಿ ಒಳಗೊಳಗೇ ಸಮಾಧಾನವೂ ಆಗಿತ್ತು.

ಸಾಲಿನಲ್ಲಿ ಎರಡನೇ ನಂಬರಿನ ಮನೆಯ ವಿಶ್ವಾರಾಧ್ಯರಿದ್ದರು. ವೃಷಭೇಂದ್ರಪ್ಪನವರ ದೊಡ್ಡಪ್ಪನ ಮಗ, ಗಿರಿಜಾಂಬಾ ಅವರಿಗೆ ಭಾವ. ಎಂಬತ್ತು ವರ್ಷ, ಮೂರು ಹೊತ್ತೂ ಲಿಂಗಪೂಜೆ, ಹಣೆಯ ತುಂಬ ವಿಭೂತಿ. ಹೋಟೆಲಿನ ನೀರು ಕೂಡ ಮುಟ್ಟುವವರಲ್ಲ; ಈ ಊಟಕ್ಕೆ ಮಾತ್ರ, ಗಿರಿಜಾ ಮಾಡಿಸಿದ್ದೆಂದು, ಬಂದು ಕೂರುತ್ತಿದ್ದರು. ಅವರು ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ತಿಂದರು. ಮತ್ತೆ ಹಾಕಿಸಿಕೊಂಡರು. ಮೂರನೆಯ ಸಲ ಹಾಕಿಸಿಕೊಳ್ಳುವಾಗ ತಲೆಯೆತ್ತಿ ಗಟ್ಟಿಯಾಗಿ ಅಂದರು:

"ಗಿರಿಜಾ, ನಮ್ಮಮ್ಮನ ಕೈರುಚಿ ನೆನಪಾಯ್ತು ಕಣಮ್ಮ. ಈ ಬಿಲ್ಡಿಂಗಲ್ಲಿ ನೀನಲ್ದೆ ಇಂಥ ಸಾರು ಇನ್ಯಾರಿಗೆ ಬರ್ಬೇಕು!"

ಅವರ ಪಕ್ಕದ ಎಲೆ ಸೌಂದರ್ಯಾಳದು. ಅದರ ಪಕ್ಕದ್ದು ಹನುಮಕ್ಕನದು. ಹನುಮಕ್ಕ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ತಲೆಯೆತ್ತಿ ಗಿರಿಜಾಂಬಾ ಅವರನ್ನು ನೋಡಿದರು. ಹೇಳಬೇಕಾದದ್ದು ಎರಡೇ ಮಾತು: ನಾನಲ್ಲ, ಇವರು. ಹೇಳಿದರೆ ಭಾವ ಎಲೆ ಬಿಟ್ಟು ಎದ್ದುಬಿಟ್ಟರೆ? ನಲವತ್ತು ಜನರ ಮುಂದೆ, ಮಕ್ಕಳ ಮುಂದೆ, ಈ ಹೆಂಗಸಿಗೇ ಅವಮಾನವಾದರೆ? ಇಷ್ಟೆಲ್ಲ ಒಂದು ಕ್ಷಣದಲ್ಲಿ ತಲೆಯಲ್ಲಿ ಹಾದು ಹೋಯಿತು. ಬಾಯಿಂದ ಬಂದದ್ದು ಬೇರೆ.

"ಇನ್ನೊಂಚೂರು ಹಾಕ್ಲಾ, ಭಾವ?"

ಹನುಮಕ್ಕ ತಲೆ ಬಗ್ಗಿಸಿ ತುತ್ತು ಬಾಯಿಗಿಟ್ಟುಕೊಂಡರು. ಗಿರಿಜಾಂಬಾ ಮುಂದಿನ ಎಲೆಗೆ ಬಂದರು. ಸೌಂದರ್ಯಾ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕೆಂದಳು.

ಎಲ್ಲ ಮುಗಿದು, ಮಕ್ಕಳು ಕಬ್ಬಿನ ಸಿಪ್ಪೆ ಎಸೆದಾಡಿ, ಕಾರುಗಳು ತಿರುಗಿ ಒಳಗೆ ಬಂದವು. ಗಿರಿಜಾಂಬಾ ಸಾರಿನ ಪಾತ್ರೆಯನ್ನು ಮೂರು ಸಲ ಉಜ್ಜಿದರು. ಖಾಲಿ ಪಾತ್ರೆ ಕೊಡಬಾರದೆಂದು ಒಳಗೆ ಒಂದು ಬೆಲ್ಲದಚ್ಚು ಇಟ್ಟು ಸಂಜೆ ಆರನೇ ಮನೆಗೆ ಹತ್ತಿದರು.

"ಹನುಮಕ್ಕನವರೇ, ಮಧ್ಯಾಹ್ನ ನಾನು ಹೇಳ್ಬೇಕಿತ್ತು. ತಪ್ಪಾಯ್ತು. ಭಾವ ಹಳೇ ಕಾಲದೋರು, ಏನಂತಾರೋ ಅಂತ..."

ಹನುಮಕ್ಕ ಪಾತ್ರೆ ತೆಗೆದುಕೊಂಡು ಬೆಲ್ಲ ನೋಡಿದರು.

"ಎಲೆ ಯಾರು ತಂದ್ರು ಅಂತ ಯಾರೂ ಕೇಳಲ್ಲ ಗಿರಿಜಮ್ಮೋರೆ. ಸಾರಾದ್ರೆ ಕೇಳ್ತಾರೆ. ಮುಂದಿನ ವರ್ಷ ನಾವು ಎಲೆನೇ ತರ್ತೀವಿ ಬಿಡಿ. ನಿಮಗೂ ತೊಂದರೆ ಇರಲ್ಲ."

ಒಳಗಿನಿಂದ ಸೌಂದರ್ಯಾ, "ಆಂಟಿ, ಕಾಫಿ ತರ್ಲಾ?" ಎಂದಳು.

"ಈಗಷ್ಟೇ ಆಯ್ತಮ್ಮಾ," ಎಂದರು ಗಿರಿಜಾಂಬಾ.

ಅಂದಮೇಲೆ ಕೇಳಿಸಿತು, ತಾವು ಏನಂದೆವೆಂದು. ಬೇಕೆಂದು ಅಂದದ್ದಲ್ಲ. ಅದೇ ಅವರನ್ನು ಹೆಚ್ಚು ಹಿಂಡಿತು. ಮೂರು ವರ್ಷದ ರೂಢಿ ನಾಲಿಗೆಯ ತುದಿಯಲ್ಲೇ ಕೂತಿತ್ತು. ಮೆಟ್ಟಿಲಿಳಿದರು. ಮನೆಯ ಬಾಗಿಲಿಗೆ ಬಂದರೂ ಒಳಗೆ ಹೋಗುವ ಮನಸ್ಸಾಗಲಿಲ್ಲ. ಇನ್ನೂ ಕೆಳಗಿಳಿದು ಎರಡನೇ ನಂಬರಿನ ಬೆಲ್ ಒತ್ತಿದರು.

ಭಾವನ ಎದುರು ಅವರು ಕೂರಲಿಲ್ಲ. ನಿಂತೇ ಒಂದೇ ಉಸಿರಿಗೆ ಹೇಳಿದರು. "ಭಾವ, ಮಧ್ಯಾಹ್ನದ ಸಾರು ನಾನು ಮಾಡಿದ್ದಲ್ಲ. ಆರನೇ ಮನೆ ಹನುಮಕ್ಕನವರದು."

ವಿಶ್ವಾರಾಧ್ಯರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

"ಆಯಮ್ಮ ನನ್ ಸಾಲಲ್ಲೇ ಕೂತಿದ್ರಲ್ಲಮ್ಮ. ಅವ್ರ ಎದುರಿಗೇ ನಿನ್ನ ಹೊಗಳಿದೆ. ಯಾಕೆ ಹೇಳ್ಲಿಲ್ಲ?"

"ನೀವು ಎದ್ದುಬಿಡ್ತೀರೇನೋ ಅಂತ."

"ಹತ್ತು ವರ್ಷದ ಹಿಂದೆ ಆಗಿದ್ರೆ ಎದ್ದೇಳ್ತಿದ್ನೇನೋ, ಸುಳ್ಳು ಯಾಕೆ ಹೇಳ್ಲಿ. ಇವತ್ತು ಏನ್ ಮಾಡ್ತಿದ್ನೋ ಗೊತ್ತಿಲ್ಲ. ನೀನು ಹೇಳಿದ್ರೆ ತಾನೆ ಗೊತ್ತಾಗೋದು?" ಗೋಡೆ ಹಿಡಿದು ಎದ್ದರು. "ನಡಿ."

ಮಂಡಿನೋವಿನ ಮುದುಕ ಒಂದೊಂದೇ ಮೆಟ್ಟಿಲು ಹತ್ತಿದರು. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯಂತೆ ಗಿರಿಜಾಂಬಾ ಹಿಂದೆ ಹಿಂದೆ ಹೋದರು. ಭಾವನ ಹೆಸರಿನ ಮರೆಯಲ್ಲಿ ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದವಳು ತಾನೇ ಎಂಬುದು ಅವರಿಗೆ ಪ್ರತಿ ಮೆಟ್ಟಿಲಿಗೂ ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತಿತ್ತು.

ಹನುಮಕ್ಕ ಬಾಗಿಲು ತೆರೆದರು. ವಿಶ್ವಾರಾಧ್ಯರು ಕೈಮುಗಿದು, "ಸಾರು ಬಹಳ ಚೆನ್ನಾಗಿತ್ತಮ್ಮ. ಯಾರದು ಅಂತ ನಂಗೆ ಈಗ ಗೊತ್ತಾಯ್ತು" ಎಂದರು.

"ಈಗ್ಲಾ?" ಎಂದರು ಹನುಮಕ್ಕ. ಕೇಳಿದ್ದು ಅವರನ್ನು, ನೋಡಿದ್ದು ಗಿರಿಜಾಂಬಾ ಅವರನ್ನು. ಆಮೇಲೆ ದಾರಿಬಿಟ್ಟು, "ಬನ್ನಿ, ಕೂತ್ಕೊಳ್ಳಿ. ಕಾಫಿ ಕುಡೀತೀರಾ?" ಎಂದು ವಿಶ್ವಾರಾಧ್ಯರನ್ನು ವಿಚಾರಿಸಿದರು. ಮುದುಕ ಒಂದು ಗಳಿಗೆ ಬುದ್ಧನ ಪಟ ನೋಡುತ್ತ ಕೂತು, ಹೂಂ ಎಂದರು.

ಸೌಂದರ್ಯಾ ಕಾಫಿ ತಂದಳು. ತಟ್ಟೆಯಲ್ಲಿ ಇದ್ದದ್ದು ಒಂದೇ ಲೋಟ.

ಅದನ್ನು ವಿಶ್ವಾರಾಧ್ಯರ ಕೈಗೆ ಕೊಟ್ಟು, "ಆಂಟೀದು ಈಗಷ್ಟೇ ಆಗಿದೆಯಂತೆ" ಎಂದಳು.

ಲೋಟ ಎಸೆದ ಕತೆ ಹೇಳಿದ ದಿನ ನಕ್ಕಿದ್ದಳಲ್ಲ, ಅದೇ ನಗು. ಗಿರಿಜಾಂಬಾ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಎದ್ದುಹೋಗುವುದು ಸುಲಭವಿತ್ತು.

"ಇಲ್ಲಮ್ಮ," ಎಂದರು. "ಆಗಿಲ್ಲ. ಯಾವತ್ತೂ ಆಗಿರ್ಲಿಲ್ಲ. ನನಗೂ ಒಂದು ಲೋಟ ಕೊಡ್ತೀಯಾ?"

ಸೌಂದರ್ಯಾ ಅತ್ತೆಯ ಮುಖ ನೋಡಿದಳು. ಹನುಮಕ್ಕ ಸೀರೆಯ ಸೆರಗು ಸರಿಮಾಡಿಕೊಂಡರು.

"ಡಿಕಾಕ್ಷನ್ ಮುಗಿದಿದೆ. ಹೊಸದಾಗಿ ಹಾಕ್ಬೇಕು, ಇಳಿಯೋಕೆ ಹೊತ್ತಾಗತ್ತೆ."

"ಆಗ್ಲಿ," ಎಂದರು ಗಿರಿಜಾಂಬಾ. "ಕಾಯ್ತೀನಿ."

ಹನುಮಕ್ಕ ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟರು.