ಹೊಂಗಡಹಳ್ಳದಲ್ಲಿ ಮುಟ್ಟದೆ ಬಂದ ಪತ್ರೊಡೆ

ಅರಸೀಕೆರೆಯಲ್ಲಿ ರೈಲು ಹತ್ತುವಾಗ ಚುರುಚುರು ಬಿಸಿಲಿತ್ತು. ಎರಡು ಕೊಡೆ, ಒಂದು ರೈನ್‌ಕೋಟು, ಪ್ಲಾಸ್ಟಿಕ್ ಚಪ್ಪಲಿ ಹೊತ್ತುಕೊಂಡು ನಿಂತ ನನ್ನನ್ನೂ ನಮ್ಮ ಯಜಮಾನರನ್ನೂ ನೋಡಿ ಪರಿಚಯದವರೊಬ್ಬರು, "ಏನ್ರೀ, ಮೋಡ ತರೋಕೆ ಹೊರಟ್ರಾ?" ಎಂದು ಕೇಳಿದರು. ಹೆಣ್ಣು ನೋಡಲು ಹೊರಟಿದ್ದೇವೆ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಕೆಲಸ ಆಗುವ ಮೊದಲೇ ಊರಿಗೆಲ್ಲ ಡಂಗುರ ಹೊಡೆಯುವುದು ನನಗೆ ಸೇರದು.

ಹೆಣ್ಣು ನೋಡಬೇಕಾದದ್ದು ನನ್ನ ಅಣ್ಣನ ಮಗ ಚೇತನನಿಗೆ. ನನ್ನ ಹಾಗೇ ಅರಸೀಕೆರೆಯಲ್ಲಿ ಹುಟ್ಟಿ ಬೆಳೆದ ಅಣ್ಣ ಮದುವೆಯಾದ ಮೇಲೆ ಅತ್ತಿಗೆಯ ಊರಾದ ಆಲೂರು ತಾಲ್ಲೂಕಿನ ಪಾಳ್ಯದಲ್ಲಿ ನೆಲೆಸಿದ್ದಾನೆ. ಗದ್ದೆ, ಒಂದಿಷ್ಟು ರಾಗಿ ಹೊಲ, ಅಂಚಿನಲ್ಲಿ ನಾಲ್ಕು ಸಾಲು ಕಾಫಿ. ಹೆಣ್ಣಿನ ಮನೆ ಸಕಲೇಶಪುರದಾಚೆ, ಬಿಸಿಲೆಗೆ ಹೋಗುವ ದಾರಿಯ ಹೊಂಗಡಹಳ್ಳದಲ್ಲಿ. ನಾಟಿಗೆ ಆಳು ಸಿಕ್ಕಿದ್ದ ವಾರವಾದ್ದರಿಂದ ಅಣ್ಣ, ಅತ್ತಿಗೆ ಇಬ್ಬರೂ ಗದ್ದೆ ಬಿಟ್ಟು ಕದಲುವಂತಿರಲಿಲ್ಲ. "ಮೊದಲ ಸಲ ನೀವೇ ಹೋಗಿ ನೋಡ್ಕೊಂಡ್ ಬನ್ನಿ" ಎಂದು ನನಗೂ ನಮ್ಮ ಯಜಮಾನರಿಗೂ ಒಪ್ಪಿಸಿದ್ದರು.

ಹುಡುಗಿ ಚೇತನನಿಗೆ ಆಗಲೇ ಒಪ್ಪಿಗೆಯಾಗಿದ್ದಳು. ಹಿಂದಿನ ಮಳೆಗಾಲದಲ್ಲಿ ಗೆಳೆಯರ ಜೊತೆ ಬಿಸಿಲೆ ಘಾಟಿ ನೋಡಲು ಹೋದವನು ಅವಳ ಮನೆಯ ಜಗಲಿಯಲ್ಲಿ ಹಲಸಿನ ಹಪ್ಪಳ ಕೊಂಡಿದ್ದ. ಆಮೇಲೆ ಹಪ್ಪಳದ ನೆಪದಲ್ಲಿ ಎಷ್ಟು ಸಲ ಹೋಗಿ ಬಂದನೋ ಅವನ ಬೈಕಿಗೇ ಗೊತ್ತು. ಮನೆಯ ಡಬ್ಬಗಳೆಲ್ಲ ಹಪ್ಪಳದಿಂದ ತುಂಬಿ, ಹಿಟ್ಟಿಗೆ ಡಬ್ಬ ಸಿಗದೆ ಹೋದಾಗ ಅತ್ತಿಗೆಗೆ ವಿಷಯ ತಿಳಿಯಿತು.

ನಮ್ಮ ಯಜಮಾನರ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಅವರ ಮಟ್ಟಿಗೆ ಮಳೆಗಾಲ ಅಂದರೆ ಒಲೆಯ ಮೇಲಿನ ಎಣ್ಣೆ ಬಾಣಲೆ. ಅರಸೀಕೆರೆಯಲ್ಲಿ ನಾಲ್ಕು ಹನಿ ಬಿದ್ದರೂ ಸಾಕು, ಕಡ್ಲೆಹಿಟ್ಟು ಇದೆಯಾ ಎಂದು ಕೇಳುವವರು. ನಮ್ಮಲ್ಲಿ ಬೀಳುವುದೇ ನಾಲ್ಕು ಹನಿಯಾದ್ದರಿಂದ ಇಷ್ಟು ವರ್ಷ ಸಂಸಾರ ಹೇಗೋ ನಡೆದಿದೆ. ಹಾಸನದಲ್ಲಿ ರೈಲಿಳಿದು ಆಲೂರಿನ ಬಸ್ಸು ಹತ್ತಿದಾಗ ನಾನು ಆಧಾರ್ ಕಾರ್ಡು ತೋರಿಸಿ ಉಚಿತ ಟಿಕೆಟ್ ತೆಗೆದುಕೊಂಡೆ, ಅವರು ದುಡ್ಡು ಕೊಟ್ಟರು. "ನಿನ್ನ ಟಿಕೆಟ್ ದುಡ್ಡು ಉಳೀತಲ್ಲ, ಅದನ್ನ ದಾರೀಲಿ ತಿಂದು ತೀರಿಸಬೇಕು" ಅಂದರು. ನಾನು ತಮಾಷೆ ಅಂದುಕೊಂಡೆ.

ಆಲೂರು ಹತ್ತಿರವಾಗುತ್ತಿದ್ದಂತೆ ಮಳೆ ಶುರುವಾಯಿತು. ಬಸ್ಸಿನ ಕಿಟಕಿ ಮುಚ್ಚಲು ಎಲ್ಲರೂ ಒಟ್ಟಿಗೇ ಎದ್ದರು. ಬಸ್‌ಸ್ಟ್ಯಾಂಡಿನ ಪಕ್ಕದ ತಳ್ಳುಗಾಡಿಯಲ್ಲಿ ಒಬ್ಬಾಕೆ ಮೆಣಸಿನಕಾಯಿ ಬಜ್ಜಿ ಬೇಯಿಸುತ್ತಿದ್ದಳು. ಹೊಟ್ಟೆ ಸೀಳಿ, ಹಸಿ ಈರುಳ್ಳಿ ತುಂಬಿ, ಮೇಲೆ ನಿಂಬೆಹಣ್ಣು ಹಿಂಡಿ ಕೊಟ್ಟಳು. ಯಜಮಾನರು ಒಂದು ತಟ್ಟೆ ಮುಗಿಸಿ, ಖಾರಕ್ಕೆ ಕಣ್ಣೊರೆಸಿಕೊಂಡು, ಇನ್ನೊಂದು ಹೇಳಿದರು. ನಾನೂ ತಿಂದೆ, ಸುಳ್ಳು ಹೇಳುವುದಿಲ್ಲ. ಆ ರಾತ್ರಿ ಪಾಳ್ಯದಲ್ಲಿ ಅತ್ತಿಗೆ ಕೆಂಡದಲ್ಲಿ ಹಲಸಿನ ಬೀಜ ಸುಟ್ಟು ಕೊಟ್ಟಳು. ಮಾತಾಡುತ್ತ ಸಿಪ್ಪೆ ಬಿಡಿಸುತ್ತ ಒಂದು ಮೊರ ಖಾಲಿಯಾಯಿತು.

ಬೆಳಿಗ್ಗೆ ಚೇತನನೂ ಸೇರಿ ನಾವು ಮೂವರು ಹೊರಟಾಗ ಅಣ್ಣ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸಸಿ ಕಟ್ಟು ಎಸೆಯುತ್ತಿದ್ದ. ಅಲ್ಲಿಂದಲೇ ಕೂಗಿ ಹೇಳಿದ: "ಭಾವ, ದಾರೀಲಿ ಬಾಯಿ ಕಟ್ಕೊಂಡ್ ಹೋಗಿ. ಅಲ್ಲಿ ಇಟ್ಟಿದ್ದು ಬಿಡಬಾರ್ದು."

ಭಾವನ ಬಾಯಿಚಪಲವನ್ನು ಅಣ್ಣ ನಮ್ಮ ಮದುವೆಯಾದಾಗಿನಿಂದಲೂ ಆಡಿಕೊಳ್ಳುತ್ತಲೇ ಇದ್ದಾನೆ. ಇದೂ ಅಂಥದ್ದೇ ಎಂದು ಯಜಮಾನರು ನಕ್ಕು ಕೈಬೀಸಿದರು. ನಾನೂ ನಕ್ಕೆ.

ಸಕಲೇಶಪುರದಲ್ಲಿ ಹೇಮಾವತಿ ಕೆಂಪಗೆ, ದಡ ಮುಟ್ಟಿಕೊಂಡು ಹರಿಯುತ್ತಿದ್ದಳು. ಯಸಳೂರಿನ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಹೋಟೆಲಿಗೆ ಹೊಕ್ಕೆವು. ಅಲ್ಲಿ ಈರುಳ್ಳಿ ಪಕೋಡ. ಕರಿಬೇವಿನ ಸೊಪ್ಪನ್ನು ಕೈತುಂಬ ಹಾಕಿ ಗರಿಗರಿಯಾಗಿ ಕರಿದಿದ್ದರು. ಚೇತನ ತಟ್ಟೆಯ ಕಡೆ ನೋಡಲೂ ಇಲ್ಲ, ಬರೀ ಕೂದಲು ಸರಿಮಾಡಿಕೊಳ್ಳುತ್ತಿದ್ದ. ಅವನ ಪಾಲೂ ಯಜಮಾನರಿಗೇ ಹೋಯಿತು. ಸುಮಾರು ಮೂವತ್ತು ಕಿಲೋಮೀಟರು ತಿರುವಿನ ಮೇಲೆ ತಿರುವು ಸುತ್ತಿ ಯಸಳೂರು ತಲುಪಿದರೆ, ಅಲ್ಲಿ ಮಂಗಳೂರು ಬಜ್ಜಿಯ ಘಮ. ಕಾಯಿಚಟ್ನಿಯಲ್ಲಿ ಅದ್ದಿ ಅದನ್ನೂ ತಿಂದಾಯಿತು. "ಸಾಕು ಮಾಡ್ರೀ, ಹೆಣ್ಣಿನ ಮನೆಗೆ ಹೋಗ್ತಿರೋದು" ಅಂದೆ. "ಅಲ್ಲಿ ಹೆಂಗೂ ಕಾಫಿ ಅಷ್ಟೇ ತಾನೆ" ಅಂದರು. ಅದು ನನಗೂ ಸರಿ ಅನ್ನಿಸಿತು. ನಮ್ಮ ಕಡೆ ಮೊದಲ ಸಲ ಹೆಣ್ಣು ನೋಡಲು ಹೋದವರು ಕಾಫಿ ಕುಡಿದು ಏಳುತ್ತಾರೆ. ಮಾತು ಮುಗಿಯುವ ಮೊದಲೇ ತಟ್ಟೆಗೆ ಕೈ ಹಾಕಿದರೆ ತಿನ್ನೋಕೇ ಬಂದಿದ್ದರು ಅಂತ ಆಡಿಕೊಳ್ಳುತ್ತಾರೆ.

ಯಸಳೂರಿನಿಂದ ಹೋಗಿ ಬರುವುದಕ್ಕೆ ಒಂದು ಜೀಪು ಗೊತ್ತು ಮಾಡಿದೆವು. ಡ್ರೈವರ್ ಮಂಜಣ್ಣನಿಗೆ ಹೆಣ್ಣಿನ ಮನೆಯವರ ಪರಿಚಯವಿತ್ತು. ಮಂಜಿನಲ್ಲಿ ಹತ್ತು ಮಾರು ಮುಂದಿನದು ಕಾಣುತ್ತಿರಲಿಲ್ಲ. ಒಂದು ಕಡೆ ಮರ ಬಿದ್ದು, ಅರ್ಧ ಕಡಿದು ದಾರಿ ಬಿಟ್ಟಿದ್ದರು.

ಹುಡುಗಿಯ ಹೆಸರು ಸಹನಾ. ಅವಳ ತಂದೆ ಸೋಮಣ್ಣ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಕೆಲಸ ನೋಡಿಕೊಳ್ಳುವವರು. ರಸ್ತೆಗೆ ತಾಗಿದ ಸಣ್ಣ ಶೀಟಿನ ಮನೆ. ಜಗಲಿಯ ಮೇಲೆ ಉದ್ದಕ್ಕೆ ಗಾಜಿನ ಭರಣಿಗಳು: ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ನಿಪ್ಪಟ್ಟು, ಕೋಡುಬಳೆ. ಬಿಸಿಲೆಗೆ ಹೋಗುವವರು ನಿಲ್ಲಿಸಿ ಕೊಳ್ಳುತ್ತಾರೆ.

"ಬನ್ನಿ ಬನ್ನಿ. ಮರ ಬಿದ್ದೈತೆ ಅಂದ್ರು, ಬರ್ತೀರೋ ಇಲ್ವೋ ಅಂತ ಒಂದೇ ಯೋಚ್ನೆ ಆಗ್ಬುಟ್ಟಿತ್ತು" ಎಂದು ಸೋಮಣ್ಣ ಕೊಡೆ ಹಿಡಿದು ಬಂದರು. ಚಾಪೆಯ ಮೇಲೆ ಕೂತೆವು. ಸಹನಾ ನಮ್ಮ ಮುಂದೆ ಮೂರು ತಟ್ಟೆ ತಂದಿಟ್ಟಳು. ಹಬೆಯಾಡುವ ಪತ್ರೊಡೆ, ಅದರ ಮೇಲೆ ಬೆಣ್ಣೆ, ಪಕ್ಕದಲ್ಲಿ ಎಳೆ ಬಿದಿರಿನ ಕಳಲೆ ಪಕೋಡ, ಹಪ್ಪಳ.

"ಮರಕೆಸು ಇದು" ಎಂದರು ಸೋಮಣ್ಣ. "ಮರದ ಮೇಲೆ ಹುಟ್ಟೋ ಕೆಸು. ಮಳೆಗಾಲದಲ್ಲಿ ಬಿಟ್ರೆ ಸಿಗಲ್ಲ. ನಿನ್ನೆ ಹತ್ತಿ ಕುಯ್ಕೊಂಡ್ ಬಂದೆ. ಕಳಲೇನ ಮೂರು ದಿನದಿಂದ ನೀರು ಬದ್ಲಾಯ್ಸಿ ನೆನೆಹಾಕವ್ಳೆ ಇವ್ಳು."

ಯಜಮಾನರು ತಟ್ಟೆ ನೋಡಿದರು. ಜೀವನದಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ತಿಂಡಿ ಕಂಡು ಭಯ ಮೂಡಿದ್ದನ್ನು ನಾನು ಕಂಡೆ. "ಬೇಡಮ್ಮ, ಹೊಟ್ಟೆ ತುಂಬಿದೆ" ಎಂದು ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿದರು. ನಾನು ನಮ್ಮೂರಿನ ಮರ್ಯಾದೆಯಂತೆ, "ಕಾಫಿ ಸಾಕು" ಅಂದೆ. ಚೇತನ ಕೈ ಚಾಚಿದವನು ನಮ್ಮಿಬ್ಬರ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ.

ಸಹನಾ ತಟ್ಟೆಗಳನ್ನು ಒಂದರ ಹಿಂದೆ ಒಂದು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಹೊರಗೆ ಬರಲಿಲ್ಲ. ಬೆಲ್ಲದ ಕಾಫಿ ಬಂತು, ಅವಳ ತಾಯಿ ತಂದರು, ಮಾತಾಡದೆ ಹೋದರು. ನಾನು ಮುಂದಿನ ಮಾತು ತೆಗೆದರೆ ಸೋಮಣ್ಣ ಮಳೆಯ ಕಡೆ ನೋಡುತ್ತ, "ಇರ್ಲಿ ಬಿಡಿ. ಈ ಮಳೇಲಿ ಇಷ್ಟು ದೂರ ಬಂದ್ರಲ್ಲ, ಅದೇ ದೊಡ್ದು" ಎಂದರು. ಸಂಕೋಚದ ಜನ ಅಂದುಕೊಂಡು ನಾವು ಎದ್ದೆವು.

ಜೀಪು ಎರಡು ತಿರುವು ದಾಟಿರಬೇಕು, ಮಂಜಣ್ಣ ಕೇಳಿದ: "ಏನ್ ಕಣ್ರೀ, ಹುಡ್ಗಿ ಸರಿಹೋಗ್ಲಿಲ್ವಾ?"

"ಯಾಕಪ್ಪ? ಲಕ್ಷಣವಾಗಿದ್ದಾಳೆ" ಅಂದೆ.

"ಮತ್ತೆ ತಟ್ಟೆ ಮುಟ್ಲಿಲ್ವಲ್ಲ. ನಮ್ ಕಡೆ ಹೆಣ್ಣು ಬ್ಯಾಡ ಅಂತ ಯಾರೂ ಬಾಯಲ್ಲಿ ಹೇಳಲ್ಲ. ತಟ್ಟೆ ಮುಟ್ಟದೆ ಕಾಫಿ ಕುಡ್ದು ಎದ್ರೆ ಬ್ಯಾಡ ಅಂತ್ಲೇ ಲೆಕ್ಕ. ಈ ಮಳೆಗಾಲದಲ್ಲಿ ಇನ್ನೊಂದು ಮನೆಯೋರೂ ಹಂಗೇ ಎದ್ದು ಹೋಗ್ಬುಟ್ರು, ಹುಡ್ಗಿ ರೋಡ್‌ನಲ್ಲಿ ಕೂತು ಮಾರ್ತಾಳೆ ಅಂತ. ಹಿತ್ಲಲ್ಲಿ ನಂಗೆ ಪತ್ರೊಡೆ ಕೊಡ್ವಾಗ ಅವ್ರ ಅವ್ವ ಅಳ್ತಿದ್ರು."

ಅಣ್ಣ ಗದ್ದೆಯಿಂದ ಕೂಗಿದ ಮಾತಿನ ಅರ್ಥ ಈಗ ಹೊಳೆಯಿತು. ಮೂರು ದಿನ ನೀರು ಬದಲಾಯಿಸಿದ ಆ ಹುಡುಗಿಯ ಕೈ ನೆನೆದು ನನಗೆ ನಾಚಿಕೆಯಾಯಿತು. ಯಜಮಾನರ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಅಚ್ಚು ಮಾಡುವವರಿಗೆ ಕಷ್ಟ.

"ಜೀಪ್ ತಿರುಗ್ಸಣ್ಣ" ಅಂದ ಚೇತನ.

"ಇಲ್ಲಿ ತಿರುಗ್ಸೋಕಾಗಲ್ಲ ಮಾರಾಯ, ಮುಂದೆ ಗೇಟ್ ಐತೆ."

"ಹಂಗಾದ್ರೆ ನಿಲ್ಸು, ನಡ್ಕೊಂಡ್ ಹೋಗ್ತೀನಿ." ಹೇಳಿ ಮುಗಿಸುವ ಮೊದಲೇ ಅವನು ಬಾಗಿಲು ತೆಗೆದಿದ್ದ. ಮಂಜಣ್ಣ ಅವನ ತೋಳು ಹಿಡಿದು ಕೂರಿಸಿ, ಎಸ್ಟೇಟಿನ ಗೇಟಿನ ಹತ್ತಿರ ಜೀಪು ತಿರುಗಿಸಿದ.

ನಾವು ಹೋದಾಗ ಸಹನಾ ಜಗಲಿಯಲ್ಲೇ ಕೂತು ಪತ್ರೊಡೆಯನ್ನೆಲ್ಲ ಒಂದು ಪಾತ್ರೆಗೆ ತುಂಬುತ್ತಿದ್ದಳು, ಎಸ್ಟೇಟಿನ ಆಳುಗಳ ಲೈನ್ ಮನೆಗಳ ಮಕ್ಕಳಿಗೆ ಹಂಚಲು. ನಮ್ಮನ್ನು ಕಂಡು ಎದ್ದು ನಿಂತಳು. ಒಳಗಿಂದ ಅವಳ ತಂದೆ ತಾಯಿಯೂ ಬಂದರು.

ಯಜಮಾನರು ಮಳೆಯಲ್ಲೇ ನಿಂತು ಕೈಮುಗಿದರು. "ತಾಯಿ, ತಪ್ಪು ನನ್ನ ಹೊಟ್ಟೆದು, ಹುಡುಗನದ್ದಲ್ಲ. ನಿನ್ನೆ ಆಲೂರಲ್ಲಿ ಮೆಣಸಿನಕಾಯಿ ಬಜ್ಜಿ, ಇವತ್ತು ಸಕಲೇಶಪುರದಲ್ಲಿ ಪಕೋಡ, ಯಸಳೂರಲ್ಲಿ ಮಂಗಳೂರು ಬಜ್ಜಿ, ಎಲ್ಲ ತಿಂದು ಬಂದಿದ್ದೆ. ನಿಮ್ಮ ಕಡೆ ಪದ್ಧತಿ ನಮಗೆ ಗೊತ್ತಿರಲಿಲ್ಲ." ಸೋಮಣ್ಣ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದರು. ಅವರ ಭುಜ ಅಲುಗುತ್ತಿದ್ದುದರಿಂದ ನಗುತ್ತಿದ್ದಾರೆ ಎಂದು ಗೊತ್ತಾಯಿತು.

ಸಹನಾ ನಗಲಿಲ್ಲ. ಚೇತನನ ಕಡೆ ತಿರುಗಿ ಕೇಳಿದಳು: "ಅವ್ರು ತಿಂದಿದ್ರು, ಸರಿ. ನೀವ್ಯಾಕೆ ಮುಟ್ಲಿಲ್ಲ?"

"ದೊಡ್ಡೋರು ಮುಟ್ಲಿಲ್ಲ ಅಂತ..."

"ನಾಳೆ ನಾನು ಮಾರೋದು ಬ್ಯಾಡ ಅಂತ ದೊಡ್ಡೋರು ಅಂದ್ರೆ? ಆಗ್ಲೂ ಅವ್ರ ಮುಖಾನೇ ನೋಡ್ತೀರಾ?"

ಚೇತನ ಜಗಲಿ ಹತ್ತಿ, ಪಾತ್ರೆಗೆ ಕೈ ಹಾಕಿ, ಒಂದು ಪತ್ರೊಡೆ ತೆಗೆದು ನಿಂತಲ್ಲೇ ತಿಂದ. ಬೆಳಿಗ್ಗೆಯಿಂದ ಏನೂ ತಿನ್ನದ ಹುಡುಗ. ಇನ್ನೊಂದನ್ನೂ ತೆಗೆದ. ಬಾಯಿ ಖಾಲಿಯಾದ ಮೇಲೆ, "ಪಾಳ್ಯದಲ್ಲಿ ನಮ್ಮನೆ ಹೈವೇಗೆ ಹತ್ರ. ಇಲ್ಲಿಗಿಂತ ಜಾಸ್ತಿ ಗಾಡಿ ಓಡಾಡ್ತವೆ. ಭರಣಿ ಇಡೋಕೆ ಜಾಗಾನೂ ನೋಡಿದೀನಿ" ಅಂದ.

"ಜೀಪ್ ತಿರುಗ್ಸು ಅಂದಿದ್ದೂ ಇವ್ನೇ ಕಣಮ್ಮ" ಎಂದು ಮಂಜಣ್ಣ ಹಿಂದಿನಿಂದ ಸೇರಿಸಿದ. "ಇಲ್ದಿದ್ರೆ ನಡ್ಕೊಂಡ್ ಬರ್ತಿದ್ದ."

ಸಹನಾ ಪಾತ್ರೆಯನ್ನು ಅವನ ಕೈಯಿಂದ ದೂರಕ್ಕೆ ಸರಿಸಿದಳು. "ಅದು ಆರೋಗೈತೆ. ಕೂತ್ಕೊಳ್ಳಿ, ಒಗ್ಗರಣೆ ಹಾಕ್ಕೊಂಡ್ ಬರ್ತೀನಿ" ಎಂದು ಒಳಗೆ ಹೋದಳು.

ಚಾಪೆ ಮತ್ತೆ ಹಾಸಿದರು. ಸಾಸಿವೆ, ಒಣಮೆಣಸಿನಕಾಯಿ, ಕಾಯಿತುರಿ ಹಾಕಿ ಹೆಂಚಿನ ಮೇಲೆ ಕೆಂಪಗೆ ಮಾಡಿದ ಪತ್ರೊಡೆಯ ರುಚಿಯನ್ನು ನಾನು ಮರೆಯಲಾರೆ. ಅಕ್ಕಿಯ ಹಿಟ್ಟು, ಹುಣಸೆಯ ಹುಳಿ, ಬೆಲ್ಲ ಎಲ್ಲ ಸೇರಿ, ಕೆಸುವಿನ ಎಲೆ ಗಂಟಲಿಗೆ ಚೂರೂ ತುರಿಸದೆ ಬೆಣ್ಣೆಯ ಹಾಗೆ ಕರಗುತ್ತಿತ್ತು. ಕಳಲೆ ಪಕೋಡದಲ್ಲಿ ಕಾಡಿನ ವಾಸನೆ ಇತ್ತು. ಯಜಮಾನರು ಬೆವರುತ್ತ, ಉಸಿರು ಬಿಡುತ್ತ, ಎರಡು ತುಂಡು ತಿಂದು ತೀರಿಸಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಕಷ್ಟಪಟ್ಟು ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊರಡುವಾಗ ಸಹನಾಳ ತಾಯಿ ನನ್ನ ಕೈ ಹಿಡಿದುಕೊಂಡು, "ಬರೋ ಭಾನುವಾರ ನಾವು ಪಾಳ್ಯಕ್ಕೆ ಬರ್ಬೋದಾ ಅಕ್ಕ?" ಎಂದು ಕೇಳಿದರು. "ಬನ್ನಿ" ಎಂದು ತಲೆಯಾಡಿಸಿದೆ.

ಜೀಪಿನ ಹಿಂದಿನ ಕಿಟಕಿಯಿಂದ ತಿರುಗಿ ನೋಡಿದೆ. ಮಂಜಿನಲ್ಲಿ ಮನೆ ಮಸುಕಾಗಿತ್ತು, ಜಗಲಿಯ ದೀಪ ಮಾತ್ರ ಕಾಣುತ್ತಿತ್ತು. ಸಕಲೇಶಪುರದ ಹೋಟೆಲಿನ ಮುಂದೆ ಪಕೋಡದ ವಾಸನೆ ಬಂದಾಗ ಯಜಮಾನರು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡರು.

ಪಾಳ್ಯದಲ್ಲಿ ಇಳಿಯುವಾಗ ಕತ್ತಲಾಗಿತ್ತು. ಅಣ್ಣ ಟಾರ್ಚು ಹಿಡಿದು ನಿಂತಿದ್ದ, ಪಕ್ಕದಲ್ಲಿ ಕೊಡೆ ಹಿಡಿದ ಅತ್ತಿಗೆ. ಹುಡುಗಿ ಹೇಗಿದ್ದಾಳೆ, ಮನೆಯವರು ಹೇಗೆ ಎಂದು ಅವನು ಕೇಳಲಿಲ್ಲ. ಟಾರ್ಚನ್ನು ಮಗನ ಮುಖಕ್ಕೆ ಬಿಟ್ಟು, "ಅಲ್ಲಿ ತಿಂದ್ರಾ?" ಎಂದ.

"ಎರಡು ಸಲ ಬಡಿಸ್ಕೊಂಡೆ ಅಪ್ಪ" ಅಂದ ಚೇತನ.

ಅಣ್ಣ ಟಾರ್ಚನ್ನು ದಾರಿಯ ಕಡೆ ತಿರುಗಿಸಿದ. ನಾಲ್ಕು ಹೆಜ್ಜೆ ನಡೆದ ಮೇಲೆ, ಭಾನುವಾರದ ವಿಷಯ ನನ್ನಿಂದ ಕೇಳಿ ತಿಳಿದುಕೊಂಡು, ಅತ್ತಿಗೆಗೆ ಹೇಳಿದ: "ನಾಳೇನೇ ಕಳಲೆ ತರ್ತೀನಿ, ನೆನೆಹಾಕು. ಅವ್ರು ನಮ್ ತಟ್ಟೆ ಮುಟ್ಬೇಕಲ್ಲ."