ಅಜ್ಜಿಯ ಬೋಳು ಐರಣಿ

ಬೆರಣಿ ಹೊಗೆಯ ಜೊತೆ ಸುಟ್ಟ ರಾಗಿಹುಲ್ಲಿನ ಘಾಟು ಮೂಗಿಗೆ ಬಡಿದರೆ ಸಾಕು, ನನಗೆ ಇವತ್ತಿಗೂ ಮದುವೆಯ ವಾಲಗ ಕೇಳಿಸುತ್ತದೆ. ನಗಬೇಡಿ. ನೀವು ಬೆಳೆದ ಮನೆಯೂ ಈಗ ಇಲ್ಲವಾಗಿದ್ದರೆ ನಿಮಗೂ ಏನೋ ಒಂದು ಕೇಳಿಸುತ್ತಿರುತ್ತದೆ. ಬೈರಕೂರು ಕಡೆಯ ನಮ್ಮ ಕುಂಬಾರರ ಮನೆಯಲ್ಲಿ ಅಜ್ಜಿಯ ಆವಿಗೆ ಅಂದರೆ ಹಿತ್ತಲ ಒಂದು ಗುಂಡಿ, ಅಷ್ಟೇ. ಹಸಿ ಮಡಕೆ ಜೋಡಿಸಿ, ಬೆರಣಿ, ಹುಲ್ಲು ಹೊದಿಸಿ, ಬೆಂಕಿ ಇಟ್ಟು, ಮೇಲೆ ಬೂದಿ ಮುಚ್ಚಿ ಆರಲು ಬಿಡುವುದು. ಸುತ್ತಲ ಊರುಗಳ ಮದುವೆಗೆಲ್ಲ ಪೂಜೆಗಿಡುವ ಐರಣಿ ಮಡಕೆ ಅಲ್ಲಿಂದಲೇ ಹೋಗಬೇಕು. ಗಂಡಿನ ಕಡೆಯವರು ವಾಲಗ ಊದಿಸಿಕೊಂಡು ಬಂದು, ಅರಿಶಿನ ಕುಂಕುಮ ಇಟ್ಟು, ತಲೆಯ ಮೇಲೆ ಹೊತ್ತೊಯ್ಯುತ್ತಿದ್ದರು. ಕೂದಲೆಳೆಯಷ್ಟು ಬಿರುಕಿದ್ದರೂ ಅಪಶಕುನವೆಂದು ಮುಟ್ಟುತ್ತಿರಲಿಲ್ಲ.

ಊರವರ ಐರಣಿಗಳನ್ನೆಲ್ಲ ಉಜ್ಜಿ ನುಣುಪು ಮಾಡುತ್ತಿದ್ದವಳು ರತ್ನತ್ತೆ, ನನ್ನ ಅಪ್ಪನ ತಂಗಿ. ತನ್ನ ಮದುವೆ ಗೊತ್ತಾದಾಗ ಅವಳು ಹಟ ಹಿಡಿದಳು: ತನ್ನ ಐರಣಿ ಮಿಂಚಬೇಕು. ಕುರುಡುಮಲೆ ಗುಡ್ಡದ ಕಡೆಯಿಂದ ಕಾಗೆಬಂಗಾರದ ಹೊಳೆಯುವ ಚಕ್ಕೆಗಳನ್ನು ಸೆರಗಲ್ಲಿ ಕಟ್ಟಿ ತಂದು, ನುಣ್ಣಗೆ ಅರೆದು, ಕೆಮ್ಮಣ್ಣಿನ ತಿಳಿಯಲ್ಲಿ ಕಲಸಿದಳು. ಅಜ್ಜಿ ಉರಿದುಬಿದ್ದಳು. "ಥಳಕು ಯಾಕೆ ಬೇಕೇ ನಿಂಗೆ? ಸೀಳಿದ್ರೆ ಬೀಗರ ಮುಂದೆ ನನ್ನ ಮರ್ಯಾದೆ ಏನಾಗ್ಬೇಕು?" "ಸೀಳಲ್ಲ ಕಣಮ್ಮ" ಎನ್ನುತ್ತ ಅತ್ತೆ ಬಳಿದೇ ಬಳಿದಳು. ಅಷ್ಟರಲ್ಲಿ ಅಕಾಲದ ಮಳೆ ಬಂದು ಮಡಕೆ ಒಣಗುವುದು ತಡವಾಯಿತು. ಗುಂಡಿಗೆ ಬೆಂಕಿ ಇಟ್ಟದ್ದು ಮದುವೆಯ ಹಿಂದಿನ ದಿನ.

ಬೆಳಿಗ್ಗೆ ಶ್ರೀನಿವಾಸಪುರದಿಂದ ಬೀಗರು ಬಂದಾಗ ಬೂದಿ ಇನ್ನೂ ಸುಡುತ್ತಿತ್ತು! ಅಬ್ಬಬ್ಬಾ, ಆ ಗಲಾಟೆ! ವಾಲಗದವರು ಊದಿ ಊದಿ ಸುಸ್ತಾಗಿ ಜಗಲಿಯಲ್ಲಿ ಕೂತರು. "ಮುಹೂರ್ತ ಮೀರ್ತದೆ, ತೆಗೀರಮ್ಮ ಬೇಗ" ಎಂದು ಗಂಡಿನ ತಾಯಿ ಅವಸರಪಡಿಸಿದರು. ಅಪ್ಪ ಗುದ್ದಲಿ ಎತ್ತಿದ. ಆಗ ಅರಿಶಿನ ಮೆತ್ತಿಕೊಂಡ ಮದುಮಗಳು ಒಳಗಿಂದ ಓಡಿಬಂದು ಗುಂಡಿಗೆ ಅಡ್ಡ ನಿಂತಳು. "ಮುಟ್ಬೇಡ ಅಣ್ಣ! ಈಗ ಗಾಳಿ ತಗುಲಿದ್ರೆ ಸೀಳುತ್ತೆ. ಮುಹೂರ್ತ ಬೇಕಾದ್ರೆ ಕಾಯ್ಲಿ." ಹೆಂಗಸರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ನನಗಂತೂ ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮದುವೆ ನಿಂತುಹೋದರೂ ಸರಿ, ಆ ಮಡಕೆ ನೋಡಬೇಕಿತ್ತು! ಗಂಡಿನ ತಾಯಿ ಅವಳನ್ನೇ ಒಂದು ಗಳಿಗೆ ದಿಟ್ಟಿಸಿ, "ಇವಳು ನಮ್ಮನೇಲಿ ಏನನ್ನೂ ಕೆಡಿಸಲ್ಲ ಬಿಡಿ" ಎಂದು ನಕ್ಕು ಎಲೆಅಡಿಕೆ ತಟ್ಟೆ ಎಳೆದುಕೊಂಡರು.

ಬೂದಿ ಆರಿದ ಮೇಲೆ ಅಜ್ಜಿಯೇ ಮೊದಲ ಮಡಕೆ ಎತ್ತಿ ಬೆರಳಿಂದ ತಟ್ಟಿದಳು. ಠಣ್! ಎಲ್ಲೂ ಬಿರುಕಿಲ್ಲ. ಕೆಂಪು ಮೈತುಂಬ ಬಂಗಾರದ ಮಿಂಚು, ಬೆರಣಿ ತಾಗಿ ಕಪ್ಪಾದ ಕಡೆ ಬೆಳ್ಳಿಯ ಮಿಂಚು. ಖುಷಿ ಉಕ್ಕಿದಾಗ ಮಾತ್ರ ಅಜ್ಜಿಯ ಬಾಯಲ್ಲಿ ತೆಲುಗು ಬರುತ್ತಿತ್ತು. "ಎಂತ ಬಾಗುಂದೇ!" ಎಂದಳು, ಎಷ್ಟು ಚೆನ್ನಾಗಿದೆಯೇ ಅಂತ. ಆಮೇಲೆ ಸೆರಗಿನಿಂದ ಅದನ್ನು ಒರೆಸುತ್ತ, ಮೆಲ್ಲಗೆ, "ನಂದಕ್ಕೂ ಬಳಿದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಕಣೇ ರತ್ನಾ" ಎಂದಳು. ಅವಳ ಮದುವೆಯ ಐರಣಿ ಅಡುಗೆಮನೆಯ ಮೂಲೆಯಲ್ಲಿ ಹುಣಸೆಹಣ್ಣು ತುಂಬಿಕೊಂಡು ಕೂತಿತ್ತು, ಮಿಂಚಿಲ್ಲದ ಬೋಳು ಮಡಕೆ.

ಆ ಮನೆ ಈಗ ಸೈಟಾಗಿದೆ. ಅಜ್ಜಿ ಇಲ್ಲ, ರತ್ನತ್ತೆಯೂ ಹೋದಳು. ನನ್ನ ಪಾಲಿಗೆ ಬಂದದ್ದು ಆ ಬೋಳು ಮಡಕೆ. ಮೊನ್ನೆ ಇದ್ದಕ್ಕಿದ್ದಂತೆ ಹುಮ್ಮಸ್ಸು ಬಂದು ನರಸಾಪುರದ ನಮ್ಮ ಮನೆಯ ಹಿಂದೆ ಗುಂಡಿ ತೋಡಿಯೇಬಿಟ್ಟೆ. ಒಮ್ಮೆ ಸುಟ್ಟ ಮಡಕೆಗೆ ಕಾಗೆಬಂಗಾರ ಹಿಡಿಯುವುದಿಲ್ಲ. ಅದಕ್ಕೆ ಬಾಟಲಿಯಲ್ಲಿ ಸಿಗುವ ಚಿನ್ನದ ಲಸ್ಟರ್ ತರಿಸಿದೆ. ಬಳಿಯುವಾಗ ಕಂದು ಎಣ್ಣೆ, ಬೆಂಕಿ ಕಂಡ ಮೇಲೆ ಬಂಗಾರ! ಹೊಗೆ ತಾಗದಂತೆ ದೊಡ್ಡದೊಂದು ಮಡಕೆಯೊಳಗೆ ಮುಚ್ಚಿಟ್ಟೆ. ಇರುವುದೊಂದೇ, ಸೀಳಿದರೆ ಮುಗಿಯಿತು. ರಸ್ತೆಯಲ್ಲಿ ಕಂಪನಿ ಬಸ್ಸುಗಳು ಬಂದು ಹೋದವು. "ತೆಗಿಯೋಣ್ವಾ ಅಮ್ಮ?" ಎಂದು ಮಗಳು ಪ್ರಾಣ ತಿಂದಳು. "ಸುಮ್ನಿರೇ, ಗಾಳಿ ತಗುಲಿದ್ರೆ ಸೀಳುತ್ತೆ" ಎಂದು ಗದರಿಸಿ ಅಡ್ಡ ಕೂತೆ.

ಕೊನೆಗೆ ಮಡಕೆ ಎತ್ತಿ ಬೆರಳಿಂದ ತಟ್ಟಿದೆ. ಠಣ್! ಹೊಟ್ಟೆಯ ಸುತ್ತ ಬಂಗಾರ. "ಎಂತ ಬಾಗುಂದೇ!" ಎಂದು ಕುಣಿದುಬಿಟ್ಟೆ. ಆಮೇಲೆ ಅದರ ಬಾಯಿಗೆ ಮೂಗಿಟ್ಟು ನೋಡಿದೆ. ಇಷ್ಟು ವರ್ಷ ಅದರೊಳಗಿದ್ದ ಅಜ್ಜಿಯ ಹುಣಸೆಹಣ್ಣಿನ ವಾಸನೆ ಸುಟ್ಟುಹೋಗಿತ್ತು. ಸೆರಗಿನಿಂದ ಬೂದಿ ಒರೆಸುತ್ತ ಹೇಳಿದೆ, "ನಿಂದಕ್ಕೂ ಬಳಿದಿದೀನಿ ಕಣಜ್ಜಿ."